ತಹಸೀನಳ ಕೈಗಳು

ನವಲಗುಂದದ ಜಮಖಾನ ನೇಯುವ ಮನೆಗಳಲ್ಲಿ ಹಳೆಯ ಕಟ್ಟಳೆಯೊಂದಿತ್ತು. ಕಸುಬನ್ನು ಸೊಸೆಗೆ ಕಲಿಸಬೇಕು, ಮಗಳಿಗೆ ಮಾತ್ರ ಕಲಿಸಬಾರದು. ಮಗಳ ಬೆನ್ನು ಹತ್ತಿ ಕಸುಬೂ ಪರರ ಮನೆ ಸೇರೀತೆಂಬ ಹೆದರಿಕೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಈ ಜನ ಮಗ್ಗಕ್ಕೂ ಕಟ್ಟಿದ್ದರು.

ಜುಲೇಖಾಬಿಗೆ ಗಂಡುಮಕ್ಕಳಾಗಲಿಲ್ಲ, ಹಾಗಾಗಿ ಸೊಸೆಯೂ ಬರಲಿಲ್ಲ. ಇದ್ದವಳು ಒಬ್ಬಳೇ ಮಗಳು, ತಹಸೀನ್. ಆದರೂ ಕಟ್ಟಳೆ ಮುರಿಯಲಿಲ್ಲ ಮಹಾತಾಯಿ! ಯಾರಿಗಾಗಿ ಕಾಯ್ದಿಟ್ಟಳೋ ಅವಳಿಗೇ ಗೊತ್ತಿರಲಿಲ್ಲ. ಹನ್ನೆರಡರ ಹುಡುಗಿ ಒಮ್ಮೆ ಆಸೆಯಿಂದ ಪಂಜಾ ಮುಟ್ಟಿದಳು. ನೂಲನ್ನು ಬಡಿದು ಕೂರಿಸುವ ಆ ಕಬ್ಬಿಣದ ಹಣಿಗೆಯನ್ನು ಕಸಿದುಕೊಂಡು ತಾಯಿ ಅವಳ ಕೈಮೇಲೆ ಬಾರಿಸಿದ್ದಳು.

ಮೂರು ವರ್ಷದ ಹಿಂದೆ ಶೈಲಶ್ರೀ ಎಂಬ ನಿರ್ದೇಶಕಿ ಜಮಖಾನದ ಮೇಲೆ ಸಾಕ್ಷ್ಯಚಿತ್ರ ತೆಗೆಯಲು ಬಂದಳು. ಅಷ್ಟರಲ್ಲಿ ಜುಲೇಖಾಬಿಯ ಬೆರಳುಗಳು ವಾತದಿಂದ ಸೊಟ್ಟಗಾಗಿದ್ದವು. ಮಾತಾಡುವ ಭಾಗವೇನೋ ಸುಸೂತ್ರ ಮುಗಿಯಿತು. ನವಿಲು ನೇಯುವ ಕೈಗಳನ್ನು ಹತ್ತಿರದಿಂದ ತೆಗೆಯಹೋದರೆ ಪಂಜಾ ಮತ್ತೆ ಮತ್ತೆ ಜಾರಿ ಬಿತ್ತು.

ತವರಿಗೆ ಬಂದಿದ್ದ ತಹಸೀನ್ ಸುಮ್ಮನೆ ಬಂದು ತಾಯಿಯ ಬಾಜು ಕುಳಿತಳು. ಬಳೆ ಹಿಂದೆ ಸರಿಸಿ ನೇಯತೊಡಗಿದಳು. ಮಧ್ಯಾಹ್ನದೊಳಗೆ ನವಿಲಿನ ಕುತ್ತಿಗೆ ಎದ್ದಿತು. ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಬಡಿಯುತ್ತ ಕೂತು, ವರ್ಷಗಟ್ಟಲೆ ಬರೀ ನೋಡಿಯೇ ಕಲಿತಿದ್ದಳು ಹುಡುಗಿ.

ಜುಲೇಖಾಬಿಗೆ ಹೆಮ್ಮೆಗಿಂತ ಮೊದಲು ನಾಚಿಕೆ ಬಂತು. “ಅಕಿ ಹೆಸರ ಹಾಕಬ್ಯಾಡ್ರಿ ಬಾಯಾರ, ಮಂದಿ ಏನಂದಾರು? ನನ್ನ ಕೈ ಅಂತನ ಇರಲಿ.”

“ಹಂಗ ಹಾಕ್ರಿ,” ತಹಸೀನ್ ನಕ್ಕಳು. “ಅಮ್ಮಾನ್ನ ನೋಡೇ ಕಲತದ್ದಲ್ಲೇನ್ರಿ.”

ಕಳೆದ ಮಳೆಗಾಲದಲ್ಲಿ ಅವಳು ಗಂಡನೂರು ಅಳ್ನಾವರದಲ್ಲಿ ತೀರಿಕೊಂಡಳು. ನಾಲ್ಕೇ ದಿನದ ಜ್ವರ.

ಆಮೇಲೆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ದಿಲ್ಲಿಯ ಸಮಾರಂಭವನ್ನು ಟಿವಿಯಲ್ಲಿ ನೋಡಲು ಆ ಸಂಜೆ ಓಣಿಯೇ ನೆರೆಮನೆಯ ಮೈಲಾರವ್ವನ ಪಡಸಾಲೆಯಲ್ಲಿ ಸೇರಿತ್ತು. ಅವಳ ಮಗ ಸುಭಾಸ ಜುಲೇಖಾಬಿಗೆ ಹೊದಿಸಲು ಶಾಲು ತಂದಿದ್ದ. ನಟರು, ಗಾಯಕರು ಒಬ್ಬೊಬ್ಬರಾಗಿ ಬಂದು ರಾಷ್ಟ್ರಪತಿಗಳಿಂದ ಪದಕ ಪಡೆದರು. ಕೊನೆಗೂ ಇಳಕಲ್ ಸೀರೆಯುಟ್ಟ ಶೈಲಶ್ರೀ ವೇದಿಕೆ ಹತ್ತಿದಳು. ಅವಳ ಹಿಂದಿನ ದೊಡ್ಡ ಪರದೆಯ ಮೇಲೆ ಎರಡು ಕೈ ಕಾಣಿಸಿದವು. ಕೆಂಪು ನೂಲು, ಹಿಂದೆ ಸರಿಸಿದ ಬಳೆ, ಹಂಚು ತಾಗಿ ಸುಟ್ಟಿದ್ದ ಹೆಬ್ಬೆರಳಿನ ಕಲೆ. ನೇಕಾರ್ತಿ ಜುಲೇಖಾಬಿಯ ಕೈಗಳು ಎಂದು ನಿರೂಪಕಿ ಓದಿದಳು. ಸಭೆಯೆಲ್ಲ ಚಪ್ಪಾಳೆ ತಟ್ಟಿತು.

“ಯವ್ವಾ ಜುಲೇಖಾ, ಎಷ್ಟ ಛಂದ ಅದಾವ ನೋಡ ನಿನ್ನ ಕೈ!” ಮೈಲಾರವ್ವ ಕೂಗಿದಳು.

ಜುಲೇಖಾಬಿ ಎದ್ದು ನಿಂತಳು. ಸುಭಾಸ ಬಿಡಿಸಿ ಹಿಡಿದ ಶಾಲನ್ನು ಪಕ್ಕಕ್ಕೆ ಸರಿಸಿದಳು.

“ನನ್ನವಲ್ಲಬೇ ಅವು, ನನ್ನ ತಹಸೀನಳವು. ನಾ ಕಲಿಸಲಿಲ್ಲ. ಅಕಿನ ಕಲತಿದ್ಲು. ಆ ಕೈಮ್ಯಾಲ ಹೊಡದಾಕಿ ನಾನ.”

ಟಿವಿಯಲ್ಲಿ ಆ ಕೈಗಳು ಮರೆಯಾಗಿದ್ದವು; ಬೇರೆ ಯಾರದೋ ಹೆಸರು ಕರೆಯುತ್ತಿದ್ದರು.

“ಸುಭಾಸಾ, ಇನ್ನೊಮ್ಮೆ ತೋರಸಾಕ ಹೇಳೋ ಅವರಿಗೆ,” ಎಂದಳು ಜುಲೇಖಾಬಿ. “ನಾ ನೆಟ್ಟಗ ನೋಡಿಲ್ಲ.”