ಮಡಚುವ ಸೈಕಲ್ಲು, ಅಕ್ಕನಿಗೊಂದು ಕ್ಯಾಸೆಟ್ಟು

ಆ ಹಾಳಾದ ಸೈಕಲ್ಲು ನೆನಪಾದರೆ ಈಗಲೂ ನನಗೆ ಪಿತ್ತ ನೆತ್ತಿಗೇರುತ್ತದೆ. ಬಹರೈನಿನ ಮಾಹೂಝ್ ಬಡಾವಣೆಯ ನಮ್ಮ ಕೋಣೆಯಲ್ಲಿ ಆರು ಮಂದಿ, ಆರು ಮಂಚ. ಸೈಕಲ್ಲನ್ನು ಕೆಳಗೆ ನಿಲ್ಲಿಸಿದರೆ ಕಟ್ಟಡದ ಕಾವಲುಗಾರ ಎತ್ತಿ ಬೀದಿಗೆ ಹಾಕುತ್ತಿದ್ದ. ಹಾಗಾಗಿ ಮಡಚಿ ಮಂಚದಡಿ ತುರುಕುವಂಥದ್ದನ್ನು ಕೊಂಡೆ. ಚಕ್ರಗಳು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡವು, ಅಷ್ಟೆ. ನಡುವಿನ ಕೊಂಡಿ ಎಷ್ಟು ಬಿಗಿದರೂ ನಿಲ್ಲದು. ಒಳ್ಳೆಯ ರಸ್ತೆಯಲ್ಲೇ ಕುಲುಕಾಡಿಸುತ್ತಿತ್ತು, ಇನ್ನು ಚಳಿಗಾಲದಲ್ಲಿ ಕೇಳುವುದೇ ಬೇಡ.

ಬಹರೈನಿನಲ್ಲಿ ಎಂಥ ಚಳಿಗಾಲ ಎಂದು ಊರಿನವರು ನಗುತ್ತಾರೆ. ಹಿಮದ ಮೇಲೆ ಸೈಕಲ್ ತುಳಿಯುವವರ ಚಿತ್ರ ನಾನೂ ನೋಡಿದ್ದೇನೆ. ಜಾರುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ನಮ್ಮಲ್ಲಿ ವರ್ಷಕ್ಕೆ ನಾಲ್ಕೈದು ಸಲ ಮಳೆ, ನೀರು ಹೋಗಲು ಚರಂಡಿಯಿಲ್ಲ, ಉಪ್ಪುಮಣ್ಣು ನೆನೆದು ಸೋಪು ಸವರಿದ ಹಾಗಾಗುತ್ತಿತ್ತು. ಜೊತೆಗೆ ಮೂಳೆ ಕೊರೆಯುವ ಬಡಗಣ ಗಾಳಿ.

ಎಂಬತ್ತರ ದಶಕದ ಅಂಥದ್ದೊಂದು ಶುಕ್ರವಾರ ನಾನು ಈಸಾ ಟೌನಿಗೆ ಹೊರಟೆ. ನನ್ನನ್ನು ಸಾಕಿ ಬೆಳೆಸಿದ್ದು ಅಕ್ಕ. ಊರಿನಲ್ಲಿ ಬೀಡಿ ಕಟ್ಟುತ್ತಿದ್ದ ಅವಳಿಗೆ ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ದೃಷ್ಟಿ ಕುಂದುತ್ತಿತ್ತು. ಬೇಗ ಆಪರೇಷನ್ ಆಗದಿದ್ದರೆ ಉಳಿದದ್ದೂ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳುವುದಿಲ್ಲ ಎಂದು ಅವಳ ಹಟ. ಯಾರ ಮಾತಿಗೂ ಬಗ್ಗದವಳು ನನ್ನ ಮಾತು ಕೇಳುತ್ತಿದ್ದಳು. ಮನೆಯಲ್ಲಿ ಫೋನಿಲ್ಲ. ಕಾಗದ ಬರೆದರೆ ಬೇರೆ ಯಾರೋ ಓದಿ ಹೇಳಬೇಕು. ಅದಕ್ಕೇ ಕ್ಯಾಸೆಟ್ಟಿನಲ್ಲಿ ಮಾತಾಡಿದೆ. ನಾನು ಸುಖವಾಗಿದ್ದೇನೆ, ಕೆಲಸಕ್ಕೆ ಕಂಪನಿಯ ವ್ಯಾನಿನಲ್ಲಿ ಹೋಗಿಬರುತ್ತೇನೆ, ನನ್ನ ಚಿಂತೆ ಬೇಡ, ಆಪರೇಷನ್ನಿನಲ್ಲಿ ಹೆದರುವಂಥದ್ದೇನೂ ಇಲ್ಲ ಎಂದೆ. ವ್ಯಾನಿನ ಮಾತು ಶುದ್ಧ ಸುಳ್ಳು. ಗಲ್ಫಿನಲ್ಲಿದ್ದವರು ಹೇಳದ ಸುಳ್ಳೇನೂ ಅಲ್ಲ.

ಊರಿಗೆ ಹೋಗುವವರೇ ಆಗ ನಮ್ಮ ಅಂಚೆ. ಈಸಾ ಟೌನಿನಲ್ಲಿದ್ದ ನಮ್ಮ ಪಕ್ಕದೂರಿನ ಬ್ಯಾರಿ ಡ್ರೈವರೊಬ್ಬರು ಅವತ್ತು ಸಂಜೆಯ ವಿಮಾನಕ್ಕೆ ಹೊರಟಿದ್ದರು. ಕ್ಯಾಸೆಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸ್ವೆಟರಿನೊಳಗೆ ಇಟ್ಟುಕೊಂಡು ಹೊರಟರೆ, ಜಿಂಜ್ ದಾಟುವಷ್ಟರಲ್ಲಿ ಮಳೆ. ಟ್ಯಾಕ್ಸಿಗಳು ನನ್ನ ಅವತಾರ ನೋಡಿ ನಿಲ್ಲಿಸಲೇ ಇಲ್ಲ. ತಿರುವಿನಲ್ಲಿ ಕೊಂಡಿ ಕಳಚಿ ಸೈಕಲ್ಲು ನಾನು ಮೇಲಿರುವಾಗಲೇ ಮಡಚಿಕೊಂಡಿತು. ಕೆಸರಿನಲ್ಲಿ ದೊಪ್ಪನೆ ಬಿದ್ದೆ. ಮಂಡಿ ಒಡೆಯಿತು. ಪ್ಲಾಸ್ಟಿಕ್ಕು ಬಿಚ್ಚಿ ನೋಡಿದೆ, ಕ್ಯಾಸೆಟ್ಟು ಒಣಗಿಯೇ ಇತ್ತು. ಸೈಕಲ್ಲಿಗೆ ಎರಡು ಒದೆ ಕೊಟ್ಟು ಮತ್ತೆ ಹತ್ತಿದೆ.

ಡ್ರೈವರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಎಂತ ಮಾರಾಯ್ರೇ ಇದು? ನಿಮಗೆ ಕಂಪನಿಯ ಗಾಡಿ ಇಲ್ಲವಾ?"

ಅಷ್ಟು ಕೇಳಿದ್ದೇ ತಡ, ಹೊಟ್ಟೆಯೊಳಗಿನದ್ದೆಲ್ಲ ಕಾರಿಕೊಂಡೆ. ಎಂಥ ಗಾಡಿ, ಎಂಥ ಕಂಪನಿ, ದಿನಾ ಈ ದರಿದ್ರ ಸೈಕಲ್ಲೇ ಗತಿ, ತಿಂಗಳಿಂದ ಕೆಮ್ಮು ಬಿಟ್ಟಿಲ್ಲ, ನಾಯಿಪಾಡು ಎಂದೆ. ಅವರು ಟವೆಲು ಕೊಟ್ಟರು, ಬಿಸಿ ಚಹಾ ಕೊಟ್ಟರು. ಕ್ಯಾಸೆಟ್ಟನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಅಕ್ಕನ ಕೈಗೇ ಕೊಡುತ್ತೇನೆ ಎಂದು ಮಾತು ಕೊಟ್ಟರು. ಗೆದ್ದೆ ಅಂದುಕೊಂಡು ಹಿಂದಿರುಗಿದೆ. ನನ್ನ ಸ್ಥಿತಿ ಅಲ್ಲಿ ಹೇಳಬೇಡಿ ಎನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಊರಿಗೆ ಹೋದವರನ್ನು ಮನೆಯವರು ಕೂರಿಸಿ ಮೊದಲು ಕೇಳುವುದೇ ನಮ್ಮವನು ಹೇಗಿದ್ದಾನೆ ಎಂದು. ಅದು ನನಗೆ ಗೊತ್ತಿರಲಿಲ್ಲವೆ? ಸಿಟ್ಟಿನಲ್ಲಿ ಬುದ್ಧಿ ಎಲ್ಲಿ ಹೋಗಿತ್ತೋ.

ಎರಡು ತಿಂಗಳ ಮೇಲೆ ಅವರು ಮರಳಿದಾಗ ಅಕ್ಕನ ಕ್ಯಾಸೆಟ್ಟು ತಂದರು. ಕೋಣೆಯವರೆಲ್ಲ ಹೊರಗೆ ಹೋದ ಮೇಲೆ ಹಾಕಿದೆ. ಮೊದಲು ನನ್ನ ಮಂಡಿ ಹೇಗಿದೆ, ಕೆಮ್ಮು ಹೇಗಿದೆ ಎಂದು ಕೇಳಿದ್ದಳು. ಆಮೇಲೆ ವಿಷಯಕ್ಕೆ ಬಂದಳು.

"ವ್ಯಾನು ಉಂಟು ಅಂತ ಹೇಳಿದಿ. ಅದೇ ಸುಳ್ಳಾದರೆ, ಹೆದರುವಂಥದ್ದಿಲ್ಲ ಅಂತ ನೀನು ಹೇಳಿದ್ದನ್ನು ನಾನು ಹೇಗೆ ನಂಬುವುದು? ನೀನು ಬಾ. ನಿನ್ನನ್ನು ಒಮ್ಮೆ ನೋಡ್ತೇನೆ, ಮತ್ತೆ ಆಸ್ಪತ್ರೆಗೆ ಹೋಗುವ."

ರಜೆಗಾಗಿ ನಮ್ಮ ಮಾಲೀಕ ಅರಬಿಯ ಕಾಲು ಹಿಡಿಯುವುದೊಂದು ಬಾಕಿ. ಕರಾರು ಮುಗಿಯದೆ ಬಿಡಲಿಲ್ಲ. ನನಗಾಗಿ ಕಾಯಬೇಡ, ಆಪರೇಷನ್ ಮಾಡಿಸಿಕೋ ಎಂದು ಮತ್ತೆ ಮತ್ತೆ ಕಾಗದ ಬರೆದೆ, ಕ್ಯಾಸೆಟ್ಟು ಕಳಿಸಿದೆ. ಅವಳು ಕಾಯುತ್ತೇನೆ ಎಂದಳು.

ಹದಿನಾಲ್ಕು ತಿಂಗಳಾದ ಮೇಲೆ ನಾನು ಸೂಟ್‌ಕೇಸು ಹಿಡಿದು ಅಂಗಳಕ್ಕೆ ಬಂದೆ. ಹಾಡುಹಗಲು. ಅಕ್ಕ ಜಗಲಿಯಲ್ಲಿ ಕೂತಿದ್ದಳು. ನನ್ನತ್ತ ಮುಖ ಮಾಡಿ, ಯಾರದು ಎಂದು ಕೇಳಿದಳು.