ಕಾಣದ ನೀಲಿ ಮಿಂಚು

ಬಸ್ ಡಿಪೋದ ಪ್ರಯೋಗಾಲಯದಲ್ಲಿ ಕಿಡಿಯಣ್ಣ ಇಪ್ಪತ್ತೇಳು ವರ್ಷದಿಂದ ಮಾಡುತ್ತಿದ್ದದ್ದು ಒಂದೇ ಕೆಲಸ. ಇಂಜಿನ್ನಿನಿಂದ ಬಸಿದ ಎಣ್ಣೆಯನ್ನು ಹಿತ್ತಾಳೆ ಬಟ್ಟಲಲ್ಲಿ ಕಾಯಿಸುತ್ತಾ, ಅದರ ಮೇಲೆ ಪುಟ್ಟ ಜ್ವಾಲೆ ಆಡಿಸಬೇಕು. ಪುಸಕ್ಕನೆ ನೀಲಿ ಮಿಂಚೊಂದು ಎದ್ದು ಆರಿದಾಗ ಎಷ್ಟು ಡಿಗ್ರಿಯೋ ಅದನ್ನು ಬರೆಯಬೇಕು. ಹೊಸ ಎಣ್ಣೆ ಇನ್ನೂರ ಮೂವತ್ತಕ್ಕೆ ಮಿಂಚುತ್ತದೆ. ಡೀಸೆಲ್ ಸೋರಿ ಬೆರೆತದ್ದು ನೂರೆಂಬತ್ತಕ್ಕೇ; ಅಂಥ ಬಸ್ಸಿಗೆ ಬೆಂಕಿಯ ಅಪಾಯ. 'ಈ ಬಸ್ ನಿಲ್ಲಿಸಿ' ಎಂದು ಬರೆದು ಬರೆದು ಅವನ ಕೈ ಸವೆಯಿತೇ ಹೊರತು ಒಂದು ಬಸ್ಸೂ ನಿಲ್ಲಲಿಲ್ಲ. ಇವನದು ಕರಿನಾಲಿಗೆ ಎಂದು ಮೆಕ್ಯಾನಿಕ್‌ಗಳು ಆಡಿಕೊಂಡರು, ಅಷ್ಟೇ.

ಈ ವರ್ಷ ಮಾತ್ರ ಯಾವ ಬಸ್ಸಿನ ಎಣ್ಣೆಯೂ ಇನ್ನೂರ ಇಪ್ಪತ್ತರ ಕೆಳಗೆ ಮಿಂಚಲಿಲ್ಲ. "ಅಂತೂ ನಿನ್ನ ಬಾಯಲ್ಲಿ ಒಳ್ಳೆ ಮಾತು ಬಂತಲ್ಲಯ್ಯಾ!" ಎಂದು ಡಿಪೋ ಮುಖ್ಯಸ್ಥರು ಬೆನ್ನು ತಟ್ಟಿದರು.

ನಿನ್ನೆ ಬೆಳಿಗ್ಗೆ ಅವನು ಗ್ಯಾಸ್ ಒಲೆಯಿಂದ ನೀರಿನ ಪಾತ್ರೆ ಇಳಿಸಿ ಹೊರಟಾಗ ಹೆಂಡತಿ ಕೂಗಿದಳು: "ರೀ, ಒಲೆ ಉರೀತಾನೇ ಇದೆ, ಕಾಣಲ್ವಾ?"

ಬಗ್ಗಿ ನೋಡಿದ. ಬಿಸಿ ಮುಖಕ್ಕೆ ರಾಚಿತು. ನೀಲಿ ಉರಿ ಮಾತ್ರ ಕಾಣಲಿಲ್ಲ.

ಏದುಸಿರು ಬಿಡುತ್ತಾ ಡಿಪೋಗೆ ಬಂದು ಮುಖ್ಯಸ್ಥರ ಮುಂದೆ ನಿಂತ. "ಸರ್, ನನ್ನ ಕಣ್ಣಿಗೆ ಪೊರೆ ಬಂದಿದೆ. ನೀಲಿ ಮಿಂಚು ಬಂದು ಹೋದ್ರೂ ತಿಳೀತಿರಲಿಲ್ಲ, ಎಣ್ಣೆ ಪೂರ್ತಿ ಹೊತ್ತಿಕೊಂಡ ಮೇಲೇ ನನಗೆ ಕಾಣ್ತಿತ್ತು. ಈ ವರ್ಷ ಬರೆದದ್ದೆಲ್ಲಾ ತಪ್ಪು."

ಮುಖ್ಯಸ್ಥರು ಕಡತದಿಂದ ತಲೆ ಎತ್ತಲಿಲ್ಲ.

"ಕಣ್ಣು ಚೆನ್ನಾಗಿದ್ದಾಗ ಒಂದು ಬಸ್ಸಾದ್ರೂ ನಿಲ್ತಾ? ಹೋಗು, ಕೆಲಸ ನೋಡು."