ಬೂಬಮ್ಮನಿಲ್ಲದ ಮಧ್ಯಾಹ್ನಗಳು

ಮೊನ್ನೆ ಮೊಮ್ಮಗಳು ಹೊಸ ನಾರಾಯಣಪೇಟೆ ಸೀರೆಯೊಂದನ್ನು ತಂದು ನನ್ನ ಮಡಿಲಲ್ಲಿಟ್ಟಳು. ಮಡಿಕೆ ಬಿಚ್ಚಿದ ಕೂಡಲೇ ನೂಲಿನ ಗಂಜಿಯ ವಾಸನೆ, ತುಸು ಹುಳಿಯಾದ, ಬಿಸಿಲಿಗೆ ಒಣಗಿದ ವಾಸನೆ, ಮುಖಕ್ಕೆ ಬಡಿಯಿತು. ಬಣ್ಣ ಹೇಗಿದೆ ಎಂದು ಅವಳು ಕೇಳುತ್ತಲೇ ಇದ್ದಳು. ನಾನು ಆಗಲೇ ನಾರಾಯಣಪೇಟೆಯ ನಮ್ಮ ಮನೆಯ ಪಡಸಾಲೆಗೆ ಹೋಗಿಬಿಟ್ಟಿದ್ದೆ. ನಿಮಗೂ ಅಂಥದೊಂದು ಪಡಸಾಲೆ ಇದ್ದಿರಬಹುದು. ಅಲ್ಲಿ ಮಧ್ಯಾಹ್ನದ ಊಟ ಮುಗಿದು ಗಂಡಸರು ಅಂಗಡಿಗೆ ಹೋದ ಮೇಲೆ ನನ್ನ ಆಯಿ, ಅಂದರೆ ಅಪ್ಪನ ತಾಯಿ ಸಂಗಮ್ಮ, ಕಂಬಕ್ಕೆ ಬೆನ್ನು ಕೊಟ್ಟು ನೂಲಿನ ಲಡಿ ಬಿಡಿಸುತ್ತಿದ್ದಳು. ಎದುರಿಗೆ ಪಕ್ಕದ ಮನೆಯ ಬೂಬಮ್ಮ ರಾಟೆ ತಿರುಗಿಸಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಇಬ್ಬರೂ ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಒಂದೇ ಓಣಿಗೆ ಬಂದವರು, ಅದೇ ಓಣಿಯಲ್ಲಿ ಗಂಡಂದಿರನ್ನು ಕಳೆದುಕೊಂಡು ಮುದುಕಿಯರಾದವರು. ಬೂಬಮ್ಮನ ಸಂಚಿಯ ಎಲೆಯಡಿಕೆ ಆಯಿಯ ಬಾಯಲ್ಲಿರುತ್ತಿತ್ತು. ಆದರೆ ಅವಳ ಮನೆಯ ರೊಟ್ಟಿಯನ್ನು ಆಯಿ ಒಮ್ಮೆಯೂ ಮುಟ್ಟಿರಲಿಲ್ಲ. ಅದನ್ನು ಇಬ್ಬರೂ ಮಾತಿಲ್ಲದೆ ಒಪ್ಪಿಕೊಂಡಿದ್ದರು. ಸೊಸೆಯರ ಮುಂದೆ ಸದಾ ಮುಖ ಬಿಗಿದುಕೊಂಡಿರುತ್ತಿದ್ದ ಆಯಿ ಆ ಹೊತ್ತಿನಲ್ಲಿ ಮಾತ್ರ, ಬೂಬಮ್ಮ "ಸಂಗೀ" ಎಂದು ಮಾತು ತೆಗೆದರೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭುಜ ಕುಣಿಸುತ್ತಾ, ಸಣ್ಣ ಹುಡುಗಿಯಂತೆ ನಗುತ್ತಿದ್ದಳು.

ನಿಜಾಮನ ಪರವಾಗಿದ್ದ ರಜಾಕಾರರ ಹಾವಳಿಯ ದಿನಗಳಲ್ಲಿ ಬೂಬಮ್ಮ ರಾಟೆಯನ್ನು ನಮ್ಮ ಹೊಸ್ತಿಲಿಗೇ ತಂದಿಟ್ಟುಕೊಂಡು ಕೂತಳು. ಬಂದೂಕು ಹಿಡಿದು ಬಂದವರನ್ನು ತನ್ನ ಉರ್ದುವಿನಲ್ಲಿ ಗದರಿಸಿದಳು. ಅವರು ಗೊಣಗುತ್ತಾ ಮುಂದೆ ಹೋದ ಮೇಲೆ ಆಯಿಯತ್ತ ತಿರುಗಿ, "ಇದು ನಮ್ಮಕ್ಕನ ಮನಿ ಐತಿ, ಒಳಗ ಹೋಗೋದಿದ್ರ ನನ್ನ ತುಳಿದು ಹೋಗ್ರಿ ಅಂದೆ" ಎಂದು ನಕ್ಕಳು. ಮತ್ತೆ ರಾಟೆಗೆ ಕೈ ಹಾಕಿದಳು.

ಆಮೇಲೆ ಭಾರತದ ಸೇನೆ ಬಂದು, ಪೊಲೀಸ್ ಕಾರ್ಯಾಚರಣೆ ಆಯಿತು. ನಿಜಾಮನ ಆಳ್ವಿಕೆ ಮುಗಿಯಿತೆಂದು ಊರು ಕುಣಿಯಿತು. ಕುಣಿದವರಲ್ಲಿ ಕೆಲವರು ಕೊಡಲಿ ಹಿಡಿದು, ಮುಸಲ್ಮಾನರನ್ನು ಹುಡುಕುತ್ತಾ ಓಣಿಗಿಳಿದರು. ಬೂಬಮ್ಮನ ಒಬ್ಬನೇ ಮಗ ಖಾಸೀಂ ಕಚೇರಿಯಲ್ಲಿ ಜವಾನನಾಗಿದ್ದ, ಯಾರ ತಂಟೆಗೂ ಹೋದವನಲ್ಲ. ಒಂದು ಮಧ್ಯಾಹ್ನ ಅವನು ಓಡಿಬಂದು ನಮ್ಮ ಬಾಗಿಲು ಬಡಿದ. "ಆಯೀ, ಬಾಗಲಾ ತಗೀರಿ! ನಾ ಖಾಸೀಂ ಅದೀನ್ರಿ!" ಆಯಿ ನೂಲು ಚೆಲ್ಲಿ ಎದ್ದಳು. ಅಷ್ಟರಲ್ಲಿ ಅಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಿದ್ದ. "ಅವ್ವಾ, ಮನ್ಯಾಗ ಹೆಣ್ಣುಮಕ್ಕಳದಾರ, ಕೂಸುಗಳದಾವ. ಅವನ್ನ ಒಳಗ ಬಿಟ್ರ ನಮ್ಮನ್ನೂ ಬಿಡಂಗಿಲ್ಲ ಅವರು" ಎಂದ. ಆಯಿ ಅವನ ಕೈಗಳನ್ನು ಪರಚಿದಳು, ಕಾಲಿಗೆ ಬಿದ್ದಳು. ಹೊರಗೆ ಬಡಿತ ನಿಂತಿತು. ಖಾಸೀಮನ ಹೆಣ ಓಣಿಯ ಕೊನೆಯ ಬಾವಿಕಟ್ಟೆಯ ಹತ್ತಿರ ಸಿಕ್ಕಿತು. ಬೂಬಮ್ಮ ತನ್ನ ಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು. ಗದ್ವಾಲದಿಂದ ಅಳಿಯ ಬಂದು ಅವಳನ್ನು ಗಾಡಿಯಲ್ಲಿ ಕರೆದುಕೊಂಡು ಹೋದ.

ಅಂದಿನಿಂದ ಆಯಿ ಅಪ್ಪನೊಡನೆ ಮಾತು ಬಿಟ್ಟಳು. ಮನೆ ತುಂಬ ಜನ. ಹಾಲು ಕಾಸಿ ಕೊಡುವವರು, ಕಾಲು ಒತ್ತುವವರು, ರೊಟ್ಟಿಯನ್ನು ಮೆತ್ತಗೆ ಮಾಡಿ ಹಾಲಿನಲ್ಲಿ ನೆನೆಸಿಡುವವರು. ಆಯಿ ಅವರೆಲ್ಲರ ನಡುವೆ ಗುರುತಿಲ್ಲದ ಊರಿನ ಛತ್ರದಲ್ಲಿ ಕೂತವಳಂತೆ ಕೂತಿರುತ್ತಿದ್ದಳು. ವೈದ್ಯರು ನಾಡಿ ಹಿಡಿದು, ರೋಗವೇನೂ ಇಲ್ಲ ಎಂದರು. ಅವಳು ಬತ್ತುತ್ತಾ ಬಂದಳು. ಕೊನೆಗೆ ನನ್ನ ಅವ್ವನ ಹತ್ತಿರ ಒಂದೇ ಮಾತು ಕೇಳಿದಳು: "ನನಗ ಗದ್ವಾಲಕ್ಕ ಕಳಸ್ರಿ."

ಅಪ್ಪ ಗಾಡಿ ಕಟ್ಟಿಸಿದ. ಜೊತೆಗೆ ನನ್ನನ್ನು ಕೂರಿಸಿದರು. ಮಕ್ತಲ್ ದಾಟಿ, ಹರಿಗೋಲಿನಲ್ಲಿ ಕೃಷ್ಣೆಯನ್ನು ದಾಟಿ, ಆಚೆ ದಡದಲ್ಲಿ ಬೇರೆ ಗಾಡಿ ಹಿಡಿದು ಗದ್ವಾಲ ಮುಟ್ಟಿದೆವು. ದಾರಿಯುದ್ದಕ್ಕೂ ಆಯಿ ಏನು ಹೇಳಬೇಕೆಂದು ತುಟಿಯಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದಳು. ಆ ಮನೆಯ ಬಾಗಿಲಿಗೆ ಗೋಣಿತಟ್ಟಿನ ಪರದೆ ಇತ್ತು. ಆಯಿ ಅದರ ಮುಂದೆ ನೆಲದ ಮೇಲೆ ಕೂತು ಕರೆದಳು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಬೂಬಮ್ಮನ ದನಿ ಬಂತು.

"ನಿನ್ನ ಮ್ಯಾಲ ಸಿಟ್ಟಿಲ್ಲವ್ವ ನನಗ. ಆದ್ರ ನಿನ್ನ ದನಿ ಕೇಳಿದ್ರ ನನ್ನ ಮಗ ಕೂಗಿದ್ದು ಕೇಳತೈತಿ. ನಾ ಏನು ಮಾಡ್ಲಿ? ಹೋಗು."

ಆಯಿ ಬಿಸಿಲು ಇಳಿಯುವವರೆಗೂ ಅಲ್ಲೇ ಕೂತಿದ್ದಳು. ಪರದೆ ಅಲುಗಿದ್ದು ಒಂದೇ ಸಲ. "ಕೂಸಿಗಿ ಹಸಿವಾಗಿರಬೇಕು" ಎಂಬ ದನಿಯ ಹಿಂದೆಯೇ ಬೂಬಮ್ಮನ ಮಗಳು ಬಂದು ನನ್ನ ಕೈಗೆ ರೊಟ್ಟಿ, ಬೆಲ್ಲ ಕೊಟ್ಟು ಹೋದಳು. ಆಯಿ ಅದರಲ್ಲಿ ಅರ್ಧ ಮುರಿದುಕೊಂಡು, ಅಳುತ್ತಾ ತಿಂದಳು.

ಊರಿಗೆ ಬಂದ ಮೇಲೆ ಅವಳು ಹೊರಸು ಬಿಟ್ಟು ಏಳಲಿಲ್ಲ. ಒಂದು ಬೆಳಿಗ್ಗೆ ತನ್ನ ತಲೆ ಬಾಚುತ್ತಿದ್ದ ನನ್ನ ಕೈ ಹಿಡಿದು ಹೇಳಿದಳು: "ಮಕ್ಕಳು ಅವ್ವ ಅಂತಾರ, ಸೊಸ್ತೇರು ಅತ್ತಿ ಅಂತಾರ, ನೀವು ಆಯಿ ಅಂತೀರಿ. ನನಗ ಸಂಗೀ ಅನ್ನಾಕ ಯಾರೂ ಉಳೀಲಿಲ್ಲ. ಒಮ್ಮಿ ನೀನರ ಅನ್ನು ಮಗಳ." ನಾಚಿಕೊಂಡು, ನಾಲಿಗೆ ತೊದಲಿ, ಅಂದೆ. ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಮೆಲ್ಲಗೆ ತಲೆ ಅಲ್ಲಾಡಿಸಿದಳು. "ಹಂಗಲ್ಲ" ಎಂದಳು.

ಬೇಸಿಗೆ ಮುಗಿಯುವ ಮೊದಲೇ ಆಯಿ ಹೋದಳು. ಅಪ್ಪ ಅವಳ ತಣ್ಣಗಾದ ಪಾದಗಳನ್ನು ಎದೆಗೊತ್ತಿಕೊಂಡು, "ಅವ್ವಾ, ಒಂದ್ಸಲ ಬೈಯವ್ವಾ" ಎಂದು ಕೂಗಿ ಅತ್ತ. ಗಂಡಸು ಹಾಗೆ ಅತ್ತದ್ದನ್ನು ನಾನು ಮತ್ತೆಲ್ಲೂ ಕಾಣಲಿಲ್ಲ.

ಈಗ ಅಪ್ಪನಿಲ್ಲ, ಅವ್ವನಿಲ್ಲ, ಒಡಹುಟ್ಟಿದವರೂ ಒಬ್ಬೊಬ್ಬರಾಗಿ ಹೋದರು. ನನ್ನ ಮನೆಯೂ ತುಂಬಿದ ಮನೆಯೇ. ಹೊತ್ತಿಗೆ ಊಟವಿದೆ, ಮೈ ಬಿಸಿಯಾದರೆ ಹಣೆ ಮುಟ್ಟಿ ನೋಡುವ ಕೈಗಳಿವೆ. ನಾನು ಚಿಕ್ಕವಳಿದ್ದಾಗ ಎಂದು ಮಾತು ತೆಗೆದರೆ, ಹೌದಾ ಎಂದು ಕೇಳುವ ಮೊಮ್ಮಕ್ಕಳಿದ್ದಾರೆ. ಹೌದು, ನನಗೂ ನೆನಪಿದೆ ಎನ್ನುವವರು ಒಬ್ಬರೂ ಇಲ್ಲ.